ಹಳೇ ಕಮಾಂಡರ್ ಪಿಕಪ್‌ಗೆ ಯಾವ ಡೀಸೆಲ್ ಎಂಜಿನ್ ಹಾಕಿಸಲಿ? ಎರೆ ಹೊಲ, ಫರಸಿ ಗಣಿ ಕೆಲಸಕ್ಕೆ

ಕಾಗಿಣಾ ದಂಡೆ (ಚಿತ್ತಾಪುರ)

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ತಾಪುರ ತಾಲ್ಲೂಕು, ಕಾಗಿಣಾ ನದಿ ದಂಡೆಯ ಊರು. ಹೊಲ ಪೂರಾ ಎರೆ, ಅಂದರೆ ಕಪ್ಪು ಮಣ್ಣು. ತೊಗರಿ, ಕಡಲೆ ಬಿತ್ತುತ್ತೇವೆ. ಜೊತೆಗೆ ಸಣ್ಣದೊಂದು ಫರಸಿ (ನೆಲಕ್ಕೆ ಹಾಸುವ ಕಲ್ಲು) ಗಣಿ ಇದೆ.

ಮನೆಯಲ್ಲಿ ಅಪ್ಪನ ಕಾಲದ ಮಹೀಂದ್ರ ಕಮಾಂಡರ್ ಇದೆ, ಫೋರ್ ವ್ಹೀಲ್. ಹಿಂದಿನ ಸೀಟು, ಹುಡ್ ಎಲ್ಲ ತೆಗೆಸಿ ಲಾರಿ ಥರ ಕಬ್ಬಿಣದ ಬಾಡಿ ಕಟ್ಟಿಸಿದ್ದಾರೆ. ಚಾಸಿ ಗಟ್ಟಿ ಇದೆ. ಎರಡೂ ಎಕ್ಸೆಲ್ ಚೆನ್ನಾಗಿವೆ. ಎಂಜಿನ್ ಮಾತ್ರ ಮುಗಿಯಿತು. ಅದು 2112 ಸಿಸಿ ಪ್ಯೂಜೋ, ಎಕ್ಸ್‌ಡಿಪಿ 4.90. ವಯಸ್ಸಾಗಿತ್ತು, ಬೋರ್ ಕೂಡ ಆಗಿತ್ತು. ಬೇಸಿಗೆಯಲ್ಲಿ ಗಣಿಯಿಂದ ಮೇಲೆ ಬರುವಾಗ ಬಿಸಿಯಾಗಿ ನಿಂತಿತು. ಜೊತೆಗಿದ್ದವರು ಗಾಬರಿಯಲ್ಲಿ ಕೊಡ ತಣ್ಣೀರು ಹೊಯ್ದರು. ಈಗ ಬ್ಲಾಕಿನಲ್ಲೇ ಬಿರುಕು.

ಗಾಡಿಯ ಕೆಲಸ ಏನು ಅಂದರೆ, ಗಣಿಯ ಗುಂಡಿಯಿಂದ ಫರಸಿ ಮೇಲೆ ತರುವುದು, ಆಳುಗಳಿಗೆ ನೀರಿನ ಟ್ಯಾಂಕ್ ಒಯ್ಯುವುದು, ರಾಶಿ ಟೈಮಿನಲ್ಲಿ ತೊಗರಿ ಚೀಲ ರಸ್ತೆತನಕ ಸಾಗಿಸುವುದು. ಆಗೊಮ್ಮೆ ಈಗೊಮ್ಮೆ ಕಲಬುರಗಿ ಎಪಿಎಂಸಿಗೆ ಹೋಗಿ ಬರುತ್ತದೆ. ಅಷ್ಟು ಬಿಟ್ಟರೆ ಹೈವೇ ನೋಡುವುದೇ ಇಲ್ಲ. ಮಿರಗದ ಮಳೆ ಬಿದ್ದ ಮೇಲೆ ನಮ್ಮ ಹೊಲದ ದಾರಿಯಲ್ಲಿ ಬೇರೆ ಯಾವ ಪಿಕಪ್ಪೂ ಬರುವುದಿಲ್ಲ, ಇದೊಂದೇ ಬರುತ್ತಿತ್ತು. ಅದಕ್ಕೇ ಮಾರಲು ಮನಸ್ಸಿಲ್ಲ.

ಈಗ ನಾಲ್ಕು ಎಂಜಿನ್ ಹೆಸರು ಕೇಳಿಬಂದಿವೆ. ಒಂದು, ದೊಡ್ಡ ಪ್ಯೂಜೋ, 2.5 ಲೀಟರಿನ ಎಕ್ಸ್‌ಡಿ3ಪಿ. ಇನ್ನೊಂದು ಮಹೀಂದ್ರದ್ದೇ ಎಂಡಿಐ 3200. ಮೂರನೆಯದು ಟಾಟಾ 407ರ 497 ಎಂಜಿನ್. ನಾಲ್ಕನೆಯದು ಹಳೇ ಟ್ರ್ಯಾಕ್ಸ್ ಕ್ರೂಸರ್‌ನ ಬೆಂಜ್ ಡಿಸೈನ್ ಎಂಜಿನ್, ಓಎಂ 616. ಯೂಟ್ಯೂಬ್ ನೋಡಿ ನನ್ನ ತಮ್ಮ ಇನ್ನೂ ಎರಡು ಹೇಳುತ್ತಿದ್ದಾನೆ: ಟೊಯೋಟಾ 1ಎಚ್‌ಝಡ್, ಕಮಿನ್ಸ್ 6ಬಿಟಿ. ಕಂಪ್ಯೂಟರ್ ಇರುವ ಎಂಜಿನ್ ಬೇಡ. ನಮ್ಮೂರ ಮೇಸ್ತ್ರಿ ಸ್ಪ್ಯಾನರ್ ಹಿಡಿದು ಸರಿ ಮಾಡುವಂಥದ್ದು ಬೇಕು. ಬಜೆಟ್ ಕೂಲಿ ಸೇರಿ ಒಂದು ಲಕ್ಷದ ಒಳಗೆ.

ಇಂಥ ಗಾಡಿ ಓಡಿಸಿದವರು, ಕಟ್ಟಿದವರು ಹೇಳಿ. ದಯವಿಟ್ಟು ಸ್ವಂತ ಅನುಭವ ಇದ್ದರೆ ಮಾತ್ರ.

ರಿಂಗ್ ರೋಡ್ 32 (ಕಲಬುರಗಿ)

ಅಣ್ಣಾ, ಆ ಒಂದು ಲಕ್ಷವನ್ನು ಡೌನ್ ಪೇಮೆಂಟ್ ಮಾಡಿ ಹೊಸ ಪಿಕಪ್ ತಗೊಂಡುಬಿಡಿ. ಹಳೇ ಗಾಡಿಗೆ ಒಂದು ಹಾಕಿದರೆ ಇನ್ನೊಂದು ಬಾಯಿ ಬಿಡುತ್ತದೆ. ಎಂಜಿನ್ ಆಯಿತು ಅನ್ನುವಷ್ಟರಲ್ಲಿ ಗೇರ್‌ಬಾಕ್ಸ್, ಆಮೇಲೆ ಎಕ್ಸೆಲ್ ಒಳಗಿನ ಕ್ರೌನ್ ಗೇರ್.

ಕಾಗಿಣಾ ದಂಡೆ (ಚಿತ್ತಾಪುರ)

ಹೊಸ ಟೂ ವ್ಹೀಲ್ ಪಿಕಪ್ ನಮ್ಮ ಹೊಲದಲ್ಲಿ ಒಂದು ಮಳೆಗೇ ಕೂರುತ್ತದೆ ಅಣ್ಣಾ. ಪಕ್ಕದ ಹೊಲದವರದ್ದು ಎಳೆದು ತೆಗೆದದ್ದು ಇದೇ ಕಮಾಂಡರ್. ಕಂತು ಕಟ್ಟಿಕೊಂಡು ಟ್ರ್ಯಾಕ್ಟರ್ ಬಾಡಿಗೆನೂ ಕೊಡೋದು ಬೇಡ ಅಲ್ವಾ.

ಹಳೇ ಫೋರ್‌ಮನ್ (ಶಹಾಬಾದ್)

ತಮ್ಮಾ, ಗಾಡಿ ಏನು ಕೆಲಸ ಮಾಡುತ್ತದೆ ಅಂತ ಬರೆದಿದ್ದೀಯಲ್ಲ, ಅದರಿಂದ ನನ್ನ ಕೆಲಸ ಹಗುರವಾಯಿತು. ಬಹಳ ಜನ ಹಾರ್ಸ್ ಪವರ್ ಕೇಳುತ್ತಾರೆ, ಹೊಲ ಯಾವುದು ಅಂತ ಹೇಳುವುದಿಲ್ಲ.

ನಿನಗೆ ಎಂಡಿಐ 3200 ಸರಿ. ಯಾಕೆ ಅಂತ ಹೇಳುತ್ತೇನೆ. ಒಪ್ಪದಿದ್ದರೆ ಬಿಡು.

ಮೊದಲು ಬಿಸಿಲಿನ ಮಾತು. ಪ್ಯೂಜೋ ಎರಡೂ, ಕ್ರೂಸರ್‌ನ 616 ಕೂಡ, ಇನ್‌ಡೈರೆಕ್ಟ್ ಇಂಜೆಕ್ಷನ್. ಅಂದರೆ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ. ಹೆಡ್‌ನಲ್ಲಿ ಒಂದು ಸಣ್ಣ ಗೂಡು ಇರುತ್ತದೆ, ಅಲ್ಲಿ ಹೊತ್ತಿಕೊಂಡು ಸಣ್ಣ ಬಾಯಿಯಿಂದ ಸಿಲಿಂಡರ್‌ಗೆ ನುಗ್ಗುತ್ತದೆ. ಇದರಿಂದ ಸದ್ದು ಕಡಿಮೆ, ಓಟ ಮೆತ್ತಗೆ. ಕಾರಿಗೆ ಒಳ್ಳೆಯದು. ಆದರೆ ಆ ಗೂಡಿನ ಗೋಡೆಗೆ, ಬಾಯಿಗೆ ಬಹಳ ಶಾಖ ಹೋಗುತ್ತದೆ. ಆ ಶಾಖ ಹೆಡ್‌ಗೆ, ಹೆಡ್‌ನಿಂದ ನೀರಿಗೆ. ಹಾಗಾಗಿ ರೇಡಿಯೇಟರ್‌ಗೆ ಕೆಲಸ ಜಾಸ್ತಿ, ಡೀಸೆಲ್ಲೂ ಜಾಸ್ತಿ. ಅದೇ ಕೆಲಸಕ್ಕೆ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ನೂರಕ್ಕೆ ಹತ್ತು ಹದಿನೈದರಷ್ಟು ಡೀಸೆಲ್ ಉಳಿಸುತ್ತದೆ.

ಈಗ ನಮ್ಮ ಮೇ ತಿಂಗಳು ನೆನೆಸಿಕೋ. ಹೊರಗೆ 43, 44 ಡಿಗ್ರಿ. ಗಣಿ ಗುಂಡಿಯೊಳಗೆ ಕಲ್ಲು ಕಾದು ಇನ್ನೂ ಜಾಸ್ತಿ. ಗಾಳಿ ಆಡುವುದಿಲ್ಲ. ಗಾಡಿ ಫಸ್ಟ್ ಗೇರಿನಲ್ಲಿ, ಲೋ ಹಾಕಿಕೊಂಡು, ನಡೆಯುವ ವೇಗದಲ್ಲಿ ಹತ್ತುತ್ತದೆ. ಮುಂದಿನಿಂದ ಬರುವ ಗಾಳಿ ಸೊನ್ನೆ. ಬರೀ ಫ್ಯಾನ್ ಮೇಲೆ ನಂಬಿಕೆ. ರೇಡಿಯೇಟರ್ ಜಾಲರಿಯಲ್ಲಿ ಹಿಂದಿನ ಮಳೆಗಾಲದ ಎರೆ ಮಣ್ಣು ಒಣಗಿ ಕೂತಿರುತ್ತದೆ. ಇಂಥ ಜಾಗದಲ್ಲಿ ಯಾವ ಎಂಜಿನ್ ನೀರಿಗೆ ಕಡಿಮೆ ಶಾಖ ಬಿಡುತ್ತದೋ ಅದು ಉಳಿಯುತ್ತದೆ.

ಇಲ್ಲಿ ಬರುವ ಹಳೇ ಇನ್‌ಡೈರೆಕ್ಟ್ ಹೆಡ್‌ಗಳನ್ನು ಬಿಚ್ಚಿ ಬೆಂಚಿನ ಮೇಲೆ ತಿರುಗಿಸಿ ಇಟ್ಟಾಗ ನಾನು ಮೊದಲು ನೋಡುವುದು ಎರಡು ವಾಲ್ವ್‌ಗಳ ನಡುವಿನ ಜಾಗ. ಕಾರ್ಬನ್ ಕೆರೆದು, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡುತ್ತೇನೆ. ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ ಸೀಮೆಸುಣ್ಣ ಉಜ್ಜುತ್ತೇನೆ. ಬಿರುಕಿದ್ದರೆ ಒಳಗೆ ಕುಡಿದಿದ್ದ ಎಣ್ಣೆ ಸುಣ್ಣದ ಮೇಲೆ ಒದ್ದೆ ಗೆರೆಯಾಗಿ ಎದ್ದು ಬರುತ್ತದೆ. ಗೂಡಿನ ಬಾಯಿಯ ಅಂಚಿನಿಂದ ಶುರುವಾಗಿ ವಾಲ್ವ್ ಸೀಟ್‌ತನಕ ಹೋದ ಗೆರೆಗಳೇ ಜಾಸ್ತಿ. ಬಿಸಿಯಲ್ಲಿ ದುಡಿದ ಗಾಡಿಗಳಲ್ಲಂತೂ ಖಾತ್ರಿ.

ಎರಡನೆಯದು ತಿರುಗುವ ವೇಗ. ಎಂಡಿಐ ಹುಟ್ಟಿದ್ದು ಟ್ರ್ಯಾಕ್ಟರ್ ಮನೆಯಲ್ಲಿ. ಇಂಟರ್‌ನ್ಯಾಷನಲ್ ಬಿ-275 ಟ್ರ್ಯಾಕ್ಟರ್ ಎಂಜಿನ್‌ನ ವಂಶ ಅದು. 2523 ಸಿಸಿ. ಬೋರ್, ಅಂದರೆ ಸಿಲಿಂಡರ್ ಅಗಲ, 88.9 ಎಂಎಂ. ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, 101.6 ಎಂಎಂ. ಸ್ಟ್ರೋಕ್ ಉದ್ದ. ಹೆಸರಿನಲ್ಲಿರುವ 3200 ಅದರ ಆರ್‌ಪಿಎಂ. ಅಷ್ಟರ ಮೇಲೆ ತಿರುಗಲು ಪಂಪಿನ ಗವರ್ನರ್ ಬಿಡುವುದಿಲ್ಲ. ಎಕ್ಸ್‌ಡಿ3ಪಿ ನೋಡು, ಬೋರ್ 94, ಸ್ಟ್ರೋಕ್ 90. ಅದರ 72 ಚಿಲ್ಲರೆ ಎಚ್‌ಪಿ ಸಿಗುವುದು 4000 ಆರ್‌ಪಿಎಂನಲ್ಲಿ. ನಿನ್ನ 2112 ಸಿಸಿದಂತೂ 62 ಎಚ್‌ಪಿಗೆ 4500 ತಿರುಗಬೇಕು. ಎರೆ ಹೊಲದಲ್ಲಿ ಅಷ್ಟು ರೇಸ್ ಕೊಡುವವರು ಯಾರು? ಕೊಟ್ಟರೆ ಗಾಲಿ ತಿರುಗುತ್ತದೆ, ಗಾಡಿ ಕೆಳಗೆ ಇಳಿಯುತ್ತದೆ. ಅಲ್ಲಿ ಬೇಕಾದದ್ದು ಆಕ್ಸಿಲರೇಟರ್ ಮುಟ್ಟದೆ ಗಾಡಿ ತಾನೇ ಮುಂದೆ ಸರಿಯುವ ಎಳೆತ. ಎಂಡಿಐನ ಟರ್ಬೊ ಮಾಡೆಲ್ ಹಳೇ ಥಾರ್ ಡಿಐಗೂ ಬಂದಿತ್ತು. 63 ಎಚ್‌ಪಿ ಅಷ್ಟೇ. ಆದರೆ 182 ನ್ಯೂಟನ್ ಮೀಟರ್ ಟಾರ್ಕ್ 1500ರಿಂದ 1800ರಲ್ಲೇ ಸಿಗುತ್ತದೆ. ನಿನ್ನ ಕೆಲಸ ಪೂರಾ ಆ ಜಾಗದಲ್ಲೇ.

ತಂಪು ಹೊತ್ತಿನಲ್ಲಿ ಸ್ಟಾರ್ಟ್ ಆಗಲು ಹೀಟರ್ ಪ್ಲಗ್ ಕಾಯಿಸುವ ಗೋಳೂ ಇಲ್ಲ. ಇನ್‌ಡೈರೆಕ್ಟ್ ಎಂಜಿನ್‌ಗಳಲ್ಲಿ ಕಂಪ್ರೆಷನ್ 21, 22ಕ್ಕೆ 1 ಇದ್ದರೂ ಪ್ಲಗ್ ಬೇಕು, ಯಾಕೆಂದರೆ ಗೂಡು ತಣ್ಣಗಿರುತ್ತದೆ. ಜನವರಿ ಬೆಳಿಗ್ಗೆ ರಾಶಿಗೆ ಹೋಗುವಾಗ ನಾಲ್ಕರಲ್ಲಿ ಎರಡು ಪ್ಲಗ್ ಸತ್ತಿದ್ದರೆ ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುವುದೇ ಆಗುತ್ತದೆ.

ಇನ್ನು ಅದರ ಕೆಟ್ಟ ಗುಣ. ಸದ್ದು ಬಹಳ. ನಡುಕ ಬಹಳ. ಎಂಜಿನ್ ಮೌಂಟಿಂಗ್ ರಬ್ಬರ್ ಹಳೆಯದು ಇಟ್ಟುಕೊಂಡು ಕೂರಿಸಿದರೆ ಹೆಡ್‌ಲೈಟ್ ಬಲ್ಬ್ ಕೂಡ ಉಳಿಯುವುದಿಲ್ಲ. ರಬ್ಬರ್ ಹೊಸದು ಹಾಕಿಸು. ಆಮೇಲೆ ರಸ್ತೆ ವೇಗ. ನಿನ್ನ ಗಾಡಿಗೆ 5.38 ಕ್ರೌನ್ (ಗಾಲಿಯ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 5.38 ಸುತ್ತು) ಇದ್ದು, 7.00-16 ಟೈರ್ ಇದ್ದರೆ, ಟಾಪ್ ಗೇರಿನಲ್ಲಿ 2500 ಆರ್‌ಪಿಎಂಗೆ ಸುಮಾರು 68 ಕಿಮೀ ವೇಗ. ಪೂರಾ 3200ಕ್ಕೆ ಎಳೆದರೂ 86ರ ಆಸುಪಾಸು. 4.88 ಕ್ರೌನ್ ಇದ್ದರೆ 2500ಕ್ಕೆ 75. ಎಪಿಎಂಸಿಗೆ ಹೋಗಿ ಬರಲು ಇಷ್ಟು ಸಾಕು. ಬೆಂಗಳೂರಿಗೆ ಓಡಿಸುತ್ತೀನಿ ಅಂದರೆ ಈ ಎಂಜಿನ್ ಬೇಡ.

407ರ 497 ಕೆಟ್ಟ ಎಂಜಿನ್ ಅಲ್ಲ, ಬಹಳ ಒಳ್ಳೆಯದು. 97 ಎಂಎಂ ಬೋರ್, ನಾಲ್ಕು ಸಿಲಿಂಡರ್, 2956 ಸಿಸಿ, ಡೈರೆಕ್ಟ್ ಇಂಜೆಕ್ಷನ್. 407 ಬಂದದ್ದು 1986ರಲ್ಲಿ. ಅಂದಿನಿಂದ ಪ್ರತಿ ತಾಲ್ಲೂಕಿನಲ್ಲೂ ಅದರ ಸಾಮಾನು ಸಿಗುತ್ತದೆ. ಆದರೆ ಅದು ಲಾರಿ ಎಂಜಿನ್. ತೂಕ ಮುಂದಿನ ಎಕ್ಸೆಲ್ ಮೇಲೆ ಬೀಳುತ್ತದೆ. ಹಸಿ ಎರೆಯಲ್ಲಿ ಮೂಗು ಭಾರವಾದ ಗಾಡಿ ಮೊದಲು ಮುಂದಿನಿಂದ ಹೂಳುತ್ತದೆ, ಹಾಗೆ ಹೂತ ಗಾಡಿ ಹಿಂದಕ್ಕೂ ಬರುವುದಿಲ್ಲ. ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಕೂರುವ ಅಡಾಪ್ಟರ್ ಪ್ಲೇಟ್ ಲೇತ್‌ನಲ್ಲಿ ಮಾಡಿಸಬೇಕು. ಆಯಿಲ್ ಚೇಂಬರ್ ಮುಂದಿನ ಡಿಫರೆನ್ಷಿಯಲ್‌ಗೆ ತಾಗುತ್ತದಾ ಅಂತ ಅಳೆಯಬೇಕು, ತಾಗಿದರೆ ಚೇಂಬರ್ ಕತ್ತರಿಸಿ ಬೆಸೆಯಬೇಕು. ನಿನ್ನ ಬಜೆಟ್ ಅಲ್ಲೇ ಮುಗಿಯಿತು.

ನಿನ್ನ ತಮ್ಮನಿಗೆ ಹೇಳು, ಕಮಿನ್ಸ್ 6ಬಿಟಿ ಅಂದರೆ ಆರು ಸಿಲಿಂಡರ್, 5883 ಸಿಸಿ, ಬರೀ ಎಂಜಿನ್ ತೂಕವೇ ಸುಮಾರು 500 ಕೆಜಿ. ಅಮೆರಿಕದಲ್ಲಿ 1989ರಿಂದ ಡಾಡ್ಜ್ ಪಿಕಪ್‌ಗೆ ಹಾಕುತ್ತಿದ್ದರು. ಆ ಪಿಕಪ್ ನಮ್ಮ 407ಗಿಂತ ದೊಡ್ಡ ಜಾತಿ. ಇಲ್ಲಿ ಅದೇ ಎಂಜಿನ್ ಜಮ್‌ಶೆಡ್‌ಪುರದಲ್ಲಿ ತಯಾರಾಗಿ ಟಾಟಾ ಲಾರಿಗಳಿಗೆ ಬಂತು. ಅಜರಾಮರ ಎಂಜಿನ್ ಅನ್ನುತ್ತಾರೆ, ಅದಕ್ಕೂ ಒಂದು ರೋಗ ಇತ್ತು. ಮುಂದೆ ಟೈಮಿಂಗ್ ಗೇರ್ ಹತ್ತಿರ ಒಂದು ಡೋವೆಲ್ ಪಿನ್ ಇದೆ. ವರ್ಷಗಟ್ಟಲೆ ನಡುಕಕ್ಕೆ ಅದು ಸಡಿಲವಾಗಿ ಗೇರ್ ನಡುವೆ ಬಿದ್ದರೆ ಕಥೆ ಮುಗಿಯಿತು. ಗೊತ್ತಿದ್ದವರು ಅದರ ಮೇಲೆ ಸಣ್ಣ ಪಟ್ಟಿ ಕೂರಿಸಿ ಬೋಲ್ಟ್ ಹಾಕುತ್ತಾರೆ. ಟೊಯೋಟಾ 1ಎಚ್‌ಝಡ್ 4164 ಸಿಸಿ, ಅದೂ ಆರು ಸಿಲಿಂಡರ್. ಆಸ್ಟ್ರೇಲಿಯಾ, ಆಫ್ರಿಕಾದಲ್ಲಿ ದೇವರು ಅದು. ಚಿತ್ತಾಪುರದಲ್ಲಿ ಅದರ ಹೆಡ್ ಗ್ಯಾಸ್ಕೆಟ್ ಎಲ್ಲಿ ತರುತ್ತೀಯಾ?

ಕೆಂಪು ಮಣ್ಣು 38 (ಬೀದರ್)

ಕಾಕಾ, ನಿಮ್ಮ ಮಾತಿಗೆ ಎದುರು ಹೇಳುತ್ತಿಲ್ಲ. ಆದರೆ 616 ಬಗ್ಗೆ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಿ. ನನ್ನ ಹತ್ತಿರ ಹಳೇ ಜೀಪಿನಲ್ಲಿ ಅದೇ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯದು, ಸಾಮಾನು. ನಮ್ಮ ಮೂರು ಜಿಲ್ಲೆಯಲ್ಲಿ ಕ್ರೂಸರ್ ಇಲ್ಲದ ಊರು ತೋರಿಸಿ. ಕೂಲಿಯವರು ಹೋಗುವುದು ಅದರಲ್ಲಿ, ಮದುವೆಗೆ ಹೋಗುವುದು ಅದರಲ್ಲಿ, ಜಾತ್ರೆಗೂ ಅದೇ. ಭಾಲ್ಕಿ, ಔರಾದ್, ಹುಮನಾಬಾದ್ ಎಲ್ಲಿ ಕೇಳಿದರೂ ಪಿಸ್ಟನ್ ಸೆಟ್ ಸಿಗುತ್ತದೆ. ಅದರ ಹೆಡ್ ಕಣ್ಣು ಮುಚ್ಚಿಕೊಂಡು ಬಿಚ್ಚುವ ಮೇಸ್ತ್ರಿಗಳಿದ್ದಾರೆ.

ಎರಡನೆಯದು, ಅದು ಬೆಂಜ್ 240ಡಿ ಕಾರಿನ ಎಂಜಿನ್. ಜೋಡಿ ಸಾಲಿನ ಟೈಮಿಂಗ್ ಚೈನ್, ಬೆಲ್ಟ್ ಅಲ್ಲ. ಪಂಪ್ ಇನ್‌ಲೈನ್. ಪ್ಯೂಜೋದ ರೋಟರಿ ಪಂಪಿಗೆ ಡೀಸೆಲ್ಲೇ ಎಣ್ಣೆ, ಅದರಲ್ಲಿ ನೀರು ಸೇರಿದರೆ ಪಂಪಿನ ಒಳಗೆಲ್ಲ ಗೀರು. ಇನ್‌ಲೈನ್ ಪಂಪಿನ ಕ್ಯಾಮ್‌ಗೆ ಎಂಜಿನ್ ಆಯಿಲ್ ಹೋಗುತ್ತದೆ, ಸ್ವಲ್ಪ ಕೆಟ್ಟ ಡೀಸೆಲ್ ತಡೆದುಕೊಳ್ಳುತ್ತದೆ. ಹೊಲದಲ್ಲಿ ಬ್ಯಾರಲ್‌ನಿಂದ ಡೀಸೆಲ್ ಹಾಕುವವರು ಇದನ್ನು ಯೋಚಿಸಬೇಕು.

ಬಿಸಿ ಆಗುತ್ತದೆ ಅನ್ನುವುದು ನಿಜ. ನಾನು ರೇಡಿಯೇಟರ್‌ಗೆ ಒಂದು ಸಾಲು ಕೋರ್ ಜಾಸ್ತಿ ಹಾಕಿಸಿದೆ. ಫ್ಯಾನ್ ಸುತ್ತ ತಗಡಿನ ಕೌಲ್ ಮಾಡಿಸಿದೆ. ಹುಮನಾಬಾದಿನಿಂದ ಚಿಂಚೋಳಿ ಕಡೆ ಹೋಗುವಾಗ ಏರಿನಲ್ಲೂ ಮುಳ್ಳು ನಡು ಗೆರೆ ದಾಟುವುದಿಲ್ಲ. ಮತ್ತೆ ಗಾಡಿಯೊಳಗೆ ಕೂತು ಮಾತಾಡಬಹುದು. ಎಂಡಿಐ ಹಾಕಿಸಿದ ನನ್ನ ಮಾವನ ಜೀಪಿನಲ್ಲಿ ಕೂತರೆ ಸನ್ನೆಯಲ್ಲೇ ಮಾತು.

ಹಳೇ ಫೋರ್‌ಮನ್ (ಶಹಾಬಾದ್)

ಪಂಪಿನ ಮಾತು ನೂರಕ್ಕೆ ನೂರು ಸರಿ. ಕೌಲ್ ಮಾತೂ ಸರಿ. ಬಹಳ ಜನ ಎಂಜಿನ್ ಬದಲಿಸುವಾಗ ಕೌಲ್ ಕಿತ್ತು ಬಿಸಾಡುತ್ತಾರೆ. ಕೌಲ್ ಇಲ್ಲದ ಫ್ಯಾನ್ ಅಲ್ಲೇ ಇದ್ದ ಗಾಳಿಯನ್ನೇ ತಿರುಗಿಸುತ್ತದೆ, ರೇಡಿಯೇಟರ್ ಮೂಲಕ ಎಳೆಯುವುದಿಲ್ಲ.

ಆದರೆ ನಿನ್ನದು ಬೀದರ್ ಕೆಂಪು ಮಣ್ಣು. ಜಂಬಿಟ್ಟಿಗೆ ನೆಲ. ಮಳೆ ನಿಂತ ಮೇಲೆ ನೀರು ಇಳಿದುಹೋಗುತ್ತದೆ, ಗಾಲಿಗೆ ಹಿಡಿತ ಸಿಗುತ್ತದೆ, ಸೆಕೆಂಡ್ ಗೇರಿನಲ್ಲಿ ಓಡಿಸಬಹುದು. ಓಡಿದರೆ ರೇಡಿಯೇಟರ್‌ಗೂ ಗಾಳಿ. ಅವನದು ಎರೆ. ಒಣಗಿದಾಗ ಕೈ ಹೋಗುವಷ್ಟು ಬಿರುಕು, ನೆನೆದಾಗ ಉಬ್ಬಿ ಅಂಟು. ಟೈರಿನ ಗುಂಡಿಗಳಲ್ಲಿ ಮೆತ್ತಿಕೊಂಡು ಗಾಲಿ ರೊಟ್ಟಿಯಂತೆ ನುಣ್ಣಗಾಗುತ್ತದೆ. ಅಲ್ಲಿ ಸೆಕೆಂಡ್ ಗೇರಿನ ಮಾತೇ ಇಲ್ಲ. ಅದರ ಮೇಲೆ ಗಣಿ. 616ಗೆ ಅಡಾಪ್ಟರ್ ಪ್ಲೇಟ್ ಖರ್ಚೂ ಇದೆ. ಎಂಡಿಐ ಮಹೀಂದ್ರದ್ದೇ ಆದ್ದರಿಂದ ಬೆಲ್ ಹೌಸಿಂಗ್, ಮೌಂಟಿಂಗ್, ಕ್ಲಚ್ ಎಲ್ಲ ಅದೇ ಮನೆಯಲ್ಲಿ ಸಿಗುತ್ತವೆ. ಹಳೇ ಕಮಾಂಡರ್ ಎರಡೂ ಥರ ಬರುತ್ತಿದ್ದವು, ಡಿಪಿ ಅಂದರೆ ಪ್ಯೂಜೋ, ಡಿಐ ಅಂದರೆ ಇದು.

ನಿನ್ನ ಮಾವನ ಜೀಪಿಗೆ ರಬ್ಬರ್ ಬದಲಿಸಲು ಹೇಳು.

ಭತ್ತದ ಗದ್ದೆ (ಶಹಾಪುರ, ಯಾದಗಿರಿ)

ಸರ, ನಾನು 497 ಹಾಕಿಸಿದವನು. ನನ್ನದೂ ಮಹೀಂದ್ರ, ಸ್ವಲ್ಪ ಉದ್ದ ಚಾಸಿ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಜಾಸ್ತಿ, ಗೊಬ್ಬರ, ಚೀಲ ಎಲ್ಲ ಕಾಲುವೆ ದಾರಿಯಲ್ಲೇ ಹೋಗಬೇಕು.

ಎಳೆತ ಕೇಳಬೇಡಿ. ಚೀಲ ಎಷ್ಟು ಹಾಕಿದರೂ ಹೂಂ ಅನ್ನುವುದಿಲ್ಲ. ಆದರೆ ಫೋರ್‌ಮನ್ ಕಾಕಾ, ಆ ಎಳೆತ ಯಾವ ಗೇರ್‌ಬಾಕ್ಸ್ ತಡೆಯಬೇಕು? ಹಳೇ ಮೂರು ಗೇರಿನ ಟಿ-90 ಬಾಕ್ಸ್ ಈ ಎಂಜಿನ್‌ಗೆ ಹುಟ್ಟಿದ್ದಲ್ಲ. ಫಸ್ಟ್‌ಗೆ ಸಿಂಕ್ರೋನೂ ಇಲ್ಲ. ನಾನು 407ರ ಗೇರ್‌ಬಾಕ್ಸೂ ಜೊತೆಗೇ ಹಾಕಿಸಿದೆ. ಆಗ ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಎಕ್ಸೆಲ್‌ಗೆ ಶಕ್ತಿ ಹಂಚುವ ಬಾಕ್ಸ್) ಬೇರೆಯಾಗಿ ಹಿಂದೆ ಕೂರಿಸಬೇಕಾಯಿತು, ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್. ಮುಂದಿನ, ಹಿಂದಿನ ಶಾಫ್ಟ್ ಎರಡೂ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಮುಂದಿನ ಪಾಟಾ ಸ್ಪ್ರಿಂಗಿಗೆ ಒಂದು ಎಲೆ ಜಾಸ್ತಿ. ಹೀಗೆ ಒಂದಕ್ಕೊಂದು ಬೆನ್ನು ಹತ್ತಿತು. ಖರ್ಚು ಬರೆಯುವುದಿಲ್ಲ, ಮನೆಯವರೂ ಇದನ್ನು ಓದುತ್ತಾರೆ.

ನನಗೆ ಪಶ್ಚಾತ್ತಾಪ ಇಲ್ಲ. ಕಾಲುವೆ ದಾರಿ ಮುರ್ರಂ ಹಾಕಿದ ಗಟ್ಟಿ ದಾರಿ. ಆದರೆ ಗದ್ದೆಗೆ ಇಳಿಸುವುದಿಲ್ಲ. ಇಳಿಸಿದರೆ ಮುಂದಿನ ಗಾಲಿ ಎಕ್ಸೆಲ್‌ತನಕ ಹೋಗುತ್ತದೆ.

ಆರ್‌ಟಿಓ ಮಾತು ಯಾರೂ ಹೇಳಲಿಲ್ಲ. ಎಂಜಿನ್ ಬದಲಿಸುವ ಮೊದಲೇ ಅರ್ಜಿ ಕೊಟ್ಟು ಒಪ್ಪಿಗೆ ತಗೊಳ್ಳಿ. ಮೋಟಾರು ವಾಹನ ಕಾಯ್ದೆ 1988, ಸೆಕ್ಷನ್ 52. ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಬರಲೇಬೇಕು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂ ಮಾಡಿಸುವಾಗ ನಂಬರ್ ನೋಡುತ್ತಾರೆ. ಆಕ್ಸಿಡೆಂಟ್ ಆದರಂತೂ ಇನ್ಶೂರೆನ್ಸ್‌ನವರು ಮೊದಲು ಅದನ್ನೇ ಹುಡುಕುತ್ತಾರೆ. ಗುಜರಿ ಎಂಜಿನ್ ತಗೊಂಡರೆ ಬಿಲ್ಲು, ಹಳೇ ಗಾಡಿಯ ಆರ್‌ಸಿ ರದ್ದಾದ ಕಾಗದ ಎರಡೂ ಕೇಳಿ. ಕಾಗದ ಇಲ್ಲ ಅಂದರೆ ಅರ್ಧ ರೇಟಿಗೆ ಕೊಟ್ಟರೂ ಬೇಡ.

ಕಾಗಿಣಾ ದಂಡೆ (ಚಿತ್ತಾಪುರ)

ಎಲ್ಲರಿಗೂ ಬಹಳ ಧನ್ಯವಾದ. ತಮ್ಮನಿಗೆ ಕಮಿನ್ಸ್ ತೂಕ ಓದಿ ಹೇಳಿದೆ, ಸುಮ್ಮನಾದ.

ಸೇಡಂನಲ್ಲಿ ಎರಡು ಎಂಡಿಐ ಇವೆ ಅಂತ ಗೊತ್ತಾಯಿತು. ಒಂದು ಹಳೇ ಜೀಪಿನದ್ದು, ಟರ್ಬೊ ಇಲ್ಲ. ಇನ್ನೊಂದು ಬೊಲೆರೋದಿಂದ ಇಳಿಸಿದ್ದು, ಟರ್ಬೊ ಇದೆ. ಎರಡಕ್ಕೂ ಕಾಗದ ಇದೆ ಅನ್ನುತ್ತಾರೆ. ಕಾಕಾ, ಯಾವುದು ತಗೊಳ್ಳಲಿ? ನೋಡಲು ಹೋದಾಗ ಏನೇನು ನೋಡಬೇಕು? ಮತ್ತೆ ನಮ್ಮ ಮೇಸ್ತ್ರಿ ಹೊಸ ಎಂಜಿನ್‌ಗೆ ಥರ್ಮೋಸ್ಟಾಟ್ ಹಾಕುವುದೇ ಬೇಡ, ನಮ್ಮ ಬಿಸಿಲಿಗೆ ಅದು ತೊಂದರೆ ಅನ್ನುತ್ತಾರೆ. ಹೌದಾ?

ಹಳೇ ಫೋರ್‌ಮನ್ (ಶಹಾಬಾದ್)

ಥರ್ಮೋಸ್ಟಾಟ್ ಹಾಕಿಸು. ಅದು ಎಂಜಿನ್ 80 ಡಿಗ್ರಿ ಆಸುಪಾಸು ಬರುವತನಕ ನೀರು ತಡೆಯುತ್ತದೆ, ಆಮೇಲೆ ಪೂರಾ ಬಿಡುತ್ತದೆ. ಬಿಸಿಲಿಗೂ ಅದಕ್ಕೂ ಜಗಳ ಇಲ್ಲ. ತೆಗೆದರೆ ಎಂಜಿನ್ ಚಳಿಗಾಲದಲ್ಲಿ ಬಿಸಿಯೇ ಆಗುವುದಿಲ್ಲ, ಬೋರ್ ಬೇಗ ಸವೆಯುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಬಿಸಿ ಆಗುವ ಗಾಡಿಗೆ ರೇಡಿಯೇಟರ್ ತೊಳೆಸಬೇಕು, ಅದನ್ನು ಬಿಟ್ಟು ಎಲ್ಲ ಮಾಡುತ್ತಾರೆ. ತೊಳೆಯುವಾಗ ನೀರು ಎಂಜಿನ್ ಕಡೆಯಿಂದ ಹೊರಗೆ ಹೊಡೆಯಬೇಕು. ಮುಂದಿನಿಂದ ಹೊಡೆದರೆ ಎರೆ ಮಣ್ಣು ಇನ್ನೂ ಒಳಗೆ ಹೋಗಿ ಕೂರುತ್ತದೆ.

ಟರ್ಬೊ ಬಗ್ಗೆ. ರಸ್ತೆ ಗಾಡಿಗೆ ಟರ್ಬೊ ಇರಲಿ. ನಿನಗೆ ಗಣಿ ಧೂಳು ಇದೆ. ಫರಸಿ ಕತ್ತರಿಸುವ ಜಾಗದ ಧೂಳು ಗೋದಿ ಹಿಟ್ಟಿಗಿಂತ ಸಣ್ಣ. ಏರ್ ಫಿಲ್ಟರ್ ಪೈಪಿನಲ್ಲಿ ಎಲ್ಲಿಯಾದರೂ ಒಂದು ಕ್ಲಿಪ್ ಸಡಿಲವಾದರೆ ಆ ಧೂಳು ಟರ್ಬೊ ರೆಕ್ಕೆ ತಿನ್ನುತ್ತದೆ. ಏರು ಹತ್ತಿ ಬಂದು ಥಟ್ಟನೆ ಆಫ್ ಮಾಡುವ ಡ್ರೈವರ್ ಇದ್ದರೆ ಟರ್ಬೊ ಬೇರಿಂಗ್‌ನಲ್ಲಿ ಆಯಿಲ್ ಸುಟ್ಟು ಕರಿ ಆಗುತ್ತದೆ. ಒಂದೆರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಬೇಕು. ಬಿಡುತ್ತಾರಾ? ಅದಕ್ಕೆ ನಾನು ಟರ್ಬೊ ಇಲ್ಲದ್ದು ತಗೋ ಅನ್ನುತ್ತೇನೆ. ಆಯಿಲ್ ಬಾತ್ ಏರ್ ಕ್ಲೀನರ್ ಹಾಕಿಸು, ಟ್ರ್ಯಾಕ್ಟರ್‌ನದ್ದೇ ನಡೆಯುತ್ತದೆ. ಧೂಳಿನ ದಿನ ಸಂಜೆ ಬಟ್ಟಲು ಬಿಚ್ಚಿ ನೋಡಿದರೆ ತಳದಲ್ಲಿ ಕೆಸರು ಇರುತ್ತದೆ. ಅದು ಬೋರ್‌ಗೆ ಹೋಗಬೇಕಿದ್ದ ಮಣ್ಣು.

ಟರ್ಬೊ ಇಲ್ಲದ್ದು ಹೆಚ್ಚು ಸವೆದಿದ್ದು, ಬೊಲೆರೋದು ಬಹಳ ಚೆನ್ನಾಗಿದ್ದರೆ ಮಾತ್ರ ಅದನ್ನು ತಗೋ.

ನೋಡಲು ಹೋದಾಗ ಮೊದಲು ಎಂಜಿನ್ ಮುಟ್ಟಿ ನೋಡು. ತಣ್ಣಗಿರಬೇಕು. ನೀನು ಬರುವ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ, ಆರುವತನಕ ಚಹಾ ಕುಡಿದು ಬಾ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ತೆಗೆದು ತಿರುಗಿಸಿ ಬಾಯಿ ಮೇಲೆ ಸುಮ್ನೆ ಇಡು. ಸ್ವಲ್ಪ ಕುಣಿದರೆ ಪರವಾಗಿಲ್ಲ. ಹಾರಿ ಬಿದ್ದರೆ, ಹೊಗೆ ಬುಸುಗುಟ್ಟಿದರೆ ಬ್ಯಾಕ್ ಕಂಪ್ರೆಷನ್, ರಿಂಗ್ ಹೋಗಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ಬಂದರೆ ನೀರು ಒಳಗೆ ಹೋಗುತ್ತಿರಬಹುದು, ರೇಡಿಯೇಟರ್ ಬಾಯಿಯಲ್ಲಿ ಗುಳ್ಳೆ ಏಳುತ್ತಿವೆಯಾ ನೋಡು. ರೇಸ್ ಕೊಟ್ಟಾಗ ಒಂದು ಕ್ಷಣ ಕಪ್ಪು ಹೊಗೆ ಬಂದರೆ ಹೆದರಬೇಡ, ನೋಜಲ್ ಕೆಲಸ ಅಷ್ಟೇ. ಆಮೇಲೆ ಆಫ್ ಮಾಡಿಸಿ, ಮುಂದಿನ ಕ್ರ್ಯಾಂಕ್ ಪುಲ್ಲಿ ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ದೂಡು. ಟಕ್ ಟಕ್ ಅಂದರೆ ಥ್ರಸ್ಟ್ ಬೇರಿಂಗ್ ಹೋಗಿದೆ.

ಪಂಪು ಕ್ಯಾಲಿಬ್ರೇಷನ್‌ಗೆ ಕೊಟ್ಟಾಗ ಒಳಗಿನ ರಬ್ಬರ್ ಸೀಲ್ ಎಲ್ಲ ವೈಟಾನ್ ಅನ್ನುವ ಗಟ್ಟಿ ರಬ್ಬರಿನದ್ದು ಹಾಕಲು ಹೇಳು. 2020ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಬಿಎಸ್ 6 ಡೀಸೆಲ್, ಗಂಧಕ 10 ಪಿಪಿಎಂ ಮಾತ್ರ. ಡೀಸೆಲ್ ಬದಲಾದಾಗ ಹಳೇ ರಬ್ಬರ್ ಕುಗ್ಗಿ ಸೋರುವುದು ಇದೆ. ಜನ ಡೀಸೆಲ್ ಕಲಬೆರಕೆ ಅಂತ ಬಂಕಿನವರನ್ನು ಬೈಯುತ್ತಾರೆ.

ಹೋಗುವ ಮುಂಚೆ ನಿನ್ನ ಗಾಡಿಯ ಕ್ರೌನ್ 5.38 ಇದೆಯಾ, 4.88 ಇದೆಯಾ ತಿಳಿದುಕೋ. ಮುಂದೆ ಹಿಂದೆ ಎರಡೂ ಒಂದೇ ಇರಬೇಕು.

ಕಾಗಿಣಾ ದಂಡೆ (ಚಿತ್ತಾಪುರ)

ಕಾಕಾ, ಕ್ರೌನ್ ಯಾವುದು ಅಂತ ತಿಳಿಯಲು ಎಕ್ಸೆಲ್ ಹೌಸಿಂಗ್ ಬಿಚ್ಚಿ ಹಲ್ಲು ಎಣಿಸಲೇಬೇಕಾ?

ಹಳೇ ಫೋರ್‌ಮನ್ (ಶಹಾಬಾದ್)

ಬೇಡ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು ಹಿಂದಿನ ಒಂದು ಗಾಲಿ ಮಾತ್ರ ಜಾಕ್ ಹಾಕಿ ಎತ್ತು. ಜಾಕ್ ಒಂದನ್ನೇ ನಂಬಬೇಡ, ಅಡಿಗೆ ಫರಸಿ ಪೇರಿಸು, ನಿಮ್ಮಲ್ಲಿ ಅದಕ್ಕೇನು ಬರ. ಟೈರಿಗೆ, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕು. ಎತ್ತಿದ ಗಾಲಿಯನ್ನು ಪೂರಾ ಎರಡು ಸುತ್ತು ತಿರುಗಿಸು. ಒಂದೇ ಗಾಲಿ ತಿರುಗುವುದರಿಂದ ಎರಡು ಸುತ್ತು ಬೇಕು. ಶಾಫ್ಟ್ ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಹೋದರೆ 5.38. ಐದಕ್ಕೆ ಸ್ವಲ್ಪ ಮೊದಲೇ ನಿಂತರೆ 4.88. ಮುಂದಿನದೂ ಹೀಗೇ ನೋಡು, ಹಬ್ ಲಾಕ್ ಇದ್ದರೆ ಹಾಕಿಕೊಂಡು.

5.38 ಬಂದರೆ ಹಾಗೇ ಇರಲಿ, ಮುಟ್ಟಬೇಡ.